ಲೇಸರ್ ಯಾವುದು ಎಂದು ಕೇಳುವ ಮೊದಲು

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಭಾವನ ಕಿಡ್ನಿ ಕಲ್ಲಿನ ಆಪರೇಷನ್ನಿಗೆ ಎರಡು ಆಸ್ಪತ್ರೆಗಳು ಬರೆದುಕೊಟ್ಟ ಖರ್ಚಿನ ಅಂದಾಜು ಅವು. ಒಂದರಲ್ಲಿ ‘ಹೋಲ್ಮಿಯಂ ಲೇಸರ್’ ಎಂದಿತ್ತು, ಇನ್ನೊಂದರಲ್ಲಿ ‘ಥೂಲಿಯಂ ಫೈಬರ್ ಲೇಸರ್’. ಎರಡನೆಯದರ ಮೊತ್ತ ಇಪ್ಪತ್ತೆರಡು ಸಾವಿರ ರೂಪಾಯಿ ಹೆಚ್ಚು. ಭಾವ ಚಿತ್ರದುರ್ಗದ ಕಡೆಯವರು, ಇಪ್ಪತ್ತಾರು ವರ್ಷದಿಂದ ಬಸ್ಸು ಓಡಿಸುತ್ತಿದ್ದಾರೆ. ಎರಡೂ ಹಾಳೆಗಳನ್ನು ನನ್ನ ಕಡೆ ಸರಿಸಿ, “ನೀನು ನಾಲ್ಕು ಅಕ್ಷರ ಓದಿಕೊಂಡೋನು. ಯಾವ ಲೇಸರ್ ಒಳ್ಳೇದು ಅಂತ ಹೇಳಿಬಿಡು, ಅದನ್ನೇ ಮಾಡಿಸಿಬಿಡ್ತೀನಿ” ಎಂದರು. “ಭಾವ, ಕಲ್ಲು ಎಷ್ಟು ದೊಡ್ಡದು? ಎಲ್ಲಿದೆ?” ಎಂದು ಕೇಳಿದೆ. ಅವರು ಅಕ್ಕನ ಮುಖ ನೋಡಿದರು. ಅಕ್ಕ ಒಳಗೆ ಹೋಗಿ ಸ್ಕ್ಯಾನಿಂಗ್ ರಿಪೋರ್ಟಿನ ಕವರ್ ತಂದಳು. ಅದನ್ನು ಮನೆಯಲ್ಲಿ ಯಾರೂ ಬಿಚ್ಚಿ ನೋಡಿರಲಿಲ್ಲ.

‘ಯಾವ ಲೇಸರ್ ಒಳ್ಳೆಯದು’ ಎನ್ನುವ ಪ್ರಶ್ನೆ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಸರದಿ ತಪ್ಪಿ ಮುಂದೆ ಬಂದು ನಿಂತಿದೆ ಎನ್ನುವುದಷ್ಟೇ ನನ್ನ ವಾದ. ಕಲ್ಲಿಗೆ ಈಗಲೇ ಕೈಹಾಕಬೇಕೇ, ಹಾಕುವುದಾದರೆ ಯಾವ ದಾರಿಯಿಂದ, ಯಾರ ಕೈಯಿಂದ, ಆಮೇಲೆ ಮತ್ತೆ ಕಲ್ಲಾಗದಂತೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಅದಕ್ಕಿಂತ ಮೊದಲು ಬರಬೇಕು. ಇವುಗಳಿಗೆ ಉತ್ತರ ಸಿಕ್ಕ ಮೇಲೆ ಯಂತ್ರದ ಹೆಸರಿಗೆ ಉಳಿಯುವ ತೂಕ ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಇದನ್ನು ಒಪ್ಪಲು ನಿಮಗೆ ಅವಸರವಿಲ್ಲ. ಚಾಲ್ತಿಯಲ್ಲಿರುವ ನಂಬಿಕೆಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡೋಣ.

ಮೊದಲನೆಯದು, ಲೇಸರ್ ಎಂದರೆ ಅದೇ ಒಂದು ಚಿಕಿತ್ಸೆ ಎನ್ನುವುದು. ‘ಲೇಸರ್ ಬಿಟ್ಟು ಕರಗಿಸ್ತಾರೆ’ ಎಂದು ನಾವು ಮಾತನಾಡುವಾಗ, ಹೊರಗಿನಿಂದ ಒಂದು ಬೆಳಕು ಹೊಟ್ಟೆಯೊಳಗೆ ಹೊಕ್ಕು ಕಲ್ಲನ್ನು ಬೆಣ್ಣೆಯಂತೆ ಕರಗಿಸುವ ಚಿತ್ರ ಮನಸ್ಸಿನಲ್ಲಿರುತ್ತದೆ. ಆದರೆ ಹೊರಗಿನಿಂದಲೇ ಕಲ್ಲು ಒಡೆಯುವ ವಿಧಾನ ಲೇಸರಿನದಲ್ಲ. ಅದು ಆಘಾತ ತರಂಗದ್ದು. 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯಾನ್ ಶೌಸಿ ಮತ್ತು ಸಂಗಡಿಗರು ಅದನ್ನು ಮೊದಲ ಬಾರಿಗೆ ರೋಗಿಯ ಮೇಲೆ ಬಳಸಿದರು. ಲೇಸರ್ ಹಾಗೆ ದೂರದಿಂದ ಕೆಲಸ ಮಾಡಲಾರದು. ಅದರ ಬೆಳಕು ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ತುದಿಯಿಂದ ಹೊರಬರುತ್ತದೆ, ಆ ತುದಿ ಕಲ್ಲಿಗೆ ಹೆಚ್ಚುಕಡಿಮೆ ತಾಗಿಕೊಂಡೇ ಇರಬೇಕು. ಅಲ್ಲಿಗೆ ಎಳೆಯನ್ನು ಒಯ್ಯಲು ಮೂತ್ರದ್ವಾರದಿಂದ ಮೂತ್ರಕೋಶ, ಅಲ್ಲಿಂದ ಮೂತ್ರನಾಳ ಹತ್ತಿ ಕಿಡ್ನಿಯವರೆಗೆ ಒಳಗನ್ನು ತೋರಿಸುವ ದರ್ಶಕ ಕೊಳವೆಯೊಂದನ್ನು ತೂರಿಸಬೇಕು, ಇಲ್ಲವೇ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ಒಳಹೋಗಬೇಕು. ಎರಡಕ್ಕೂ ಅರಿವಳಿಕೆ ಬೇಕು. ಚಿಕಿತ್ಸೆ ಎಂದರೆ ನಿಜವಾಗಿ ಈ ಪಯಣ. ಕೊನೆಯ ಮೆಟ್ಟಿಲಲ್ಲಿ ಕೈಗೆತ್ತಿಕೊಳ್ಳುವ ಉಪಕರಣ ಲೇಸರ್. ಬಂಡೆ ಒಡೆಯುವವನು ಉಳಿ ಯಾವುದೆಂದು ನೋಡುತ್ತಾನೆ, ನಿಜ. ಆದರೆ ಮೊದಲು ಬಂಡೆಯ ಸುತ್ತ ಒಂದು ಸುತ್ತು ಹಾಕಿಬರುತ್ತಾನೆ.

ಎರಡನೆಯ ನಂಬಿಕೆ, ಹೊಸದು ಹಳೆಯದಕ್ಕಿಂತ ಉತ್ತಮ ಎನ್ನುವುದು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು, ಏಕೆಂದರೆ ಥೂಲಿಯಂ ಪರವಾಗಿ ಗಟ್ಟಿ ಕಾರಣಗಳೇ ಇವೆ. ಹೋಲ್ಮಿಯಂ ಮತ್ತು ಥೂಲಿಯಂ ಎರಡೂ ವಿರಳ ಭಸ್ಮ ಧಾತುಗಳ ಗುಂಪಿನವು. 1879ರಲ್ಲಿ ಸ್ವೀಡನ್ನಿನ ಪೆರ್ ತಿಯೋಡರ್ ಕ್ಲೀವ್ ಎಂಬ ರಸಾಯನ ವಿಜ್ಞಾನಿ ಎರಡಕ್ಕೂ ಹೆಸರಿಟ್ಟರು. ಹೋಲ್ಮಿಯಂ ಲೇಸರ್ 1990ರ ದಶಕದ ನಡುವಿನಿಂದ ಕಲ್ಲು ಒಡೆಯುತ್ತಿದೆ. ಥೂಲಿಯಂ ಫೈಬರ್ ಲೇಸರ್ ಆಸ್ಪತ್ರೆಗಳಿಗೆ ಬಂದದ್ದು ತೀರ ಈಚೆಗೆ. ಮೊದಲನೆಯದರ ಬೆಳಕಿನ ಅಲೆಯುದ್ದ 2120 ನ್ಯಾನೊಮೀಟರ್, ಎರಡನೆಯದರದು 1940. ಈ ಚಿಕ್ಕ ಅಂತರದಿಂದ ಒಂದು ದೊಡ್ಡ ಪರಿಣಾಮ ಹುಟ್ಟುತ್ತದೆ. ಥೂಲಿಯಂ ಬೆಳಕನ್ನು ನೀರು ಸುಮಾರು ನಾಲ್ಕು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕಲ್ಲಿನ ಸುತ್ತ ಮತ್ತು ಕಲ್ಲಿನೊಳಗೆ ಇರುವ ನೀರೇ ಈ ಕೆಲಸದ ಮಧ್ಯವರ್ತಿಯಾದ್ದರಿಂದ ಕಡಿಮೆ ಶಕ್ತಿಯಲ್ಲಿ ಕಲ್ಲು ನುಣ್ಣನೆಯ ಪುಡಿಯಾಗುತ್ತದೆ, ಕಲ್ಲು ಹಿಂದಕ್ಕೆ ಚಿಮ್ಮುವುದೂ ಕಡಿಮೆ. ಎಳೆಯನ್ನು 0.15 ಮಿ.ಮೀ.ಗೆ ಇಳಿಸಬಹುದು. ಯಂತ್ರ ಮನೆಯ ಸಾಮಾನ್ಯ ಪ್ಲಗ್ಗಿನಲ್ಲೇ ನಡೆಯುತ್ತದೆ. ಇವೆಲ್ಲ ನಿಜವಾದ ಗುಣಗಳು.

ಆದರೆ ಯಂತ್ರದ ಗುಣ ಬೇರೆ, ರೋಗಿಗೆ ದಕ್ಕುವ ಫಲ ಬೇರೆ. ನಾರ್ವೆಯಲ್ಲಿ 120 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಒಂದು ಯಾದೃಚ್ಛಿಕ ಪರೀಕ್ಷೆಯಲ್ಲಿ, ಮೂರು ತಿಂಗಳ ನಂತರ ಕಲ್ಲು ಪೂರ್ತಿ ಹೋಗಿದ್ದವರು ಥೂಲಿಯಂ ಗುಂಪಿನಲ್ಲಿ ಶೇ. 92, ಹೋಲ್ಮಿಯಂ ಗುಂಪಿನಲ್ಲಿ ಶೇ. 67. ಇಷ್ಟನ್ನೇ ಕೇಳಿದರೆ ತೀರ್ಪು ಮುಗಿಯಿತು ಅನ್ನಿಸುತ್ತದೆ. ಆದರೂ ಅದೇ ಪರೀಕ್ಷೆಯನ್ನು ಒಳಹೊಕ್ಕು ನೋಡಿದರೆ, ಮೂತ್ರನಾಳದ ಕಲ್ಲುಗಳಲ್ಲಿ ಎರಡೂ ಲೇಸರ್‌ಗಳು ಎಲ್ಲರನ್ನೂ ಕಲ್ಲಿನಿಂದ ಬಿಡಿಸಿದ್ದವು. ವ್ಯತ್ಯಾಸವೆಲ್ಲ ಕಿಡ್ನಿಯೊಳಗಿನ ಕಲ್ಲುಗಳಲ್ಲಿತ್ತು. ಅಲ್ಲಿ ಹೋಲಿಕೆಗೆ ತೆಗೆದುಕೊಂಡಿದ್ದು ಕಡಿಮೆ ಶಕ್ತಿಯ ಹಳೆ ಮಾದರಿಯ ಹೋಲ್ಮಿಯಂ. ಮರುವರ್ಷ ಅಮೆರಿಕದ ಒಂದು ಕೇಂದ್ರದಿಂದ ಬಂದ ಪರೀಕ್ಷೆಯಲ್ಲಿ ಥೂಲಿಯಮ್ಮಿನ ಎದುರಿಗೆ ನಿಂತದ್ದು ಬೆಳಕಿನ ಮಿಡಿತವನ್ನು ತಿದ್ದಿ ಸುಧಾರಿಸಿದ ಹೊಸ ಹೋಲ್ಮಿಯಂ. ಆಗ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದ್ದರಿಂದ ‘ಥೂಲಿಯಂ ಮೇಲು’ ಎನ್ನುವ ವಾಕ್ಯ ಸುಳ್ಳಲ್ಲ, ಅರ್ಧ ವಾಕ್ಯ. ಯಾವ ಹೋಲ್ಮಿಯಮ್ಮಿಗಿಂತ, ಯಾವ ಜಾಗದ ಕಲ್ಲಿಗೆ ಎನ್ನುವುದು ಉಳಿದರ್ಧ. ಭಾವನ ಕವರಿನಲ್ಲಿದ್ದ ರಿಪೋರ್ಟು, ಎಡ ಮೂತ್ರನಾಳದ ಕೆಳತುದಿಯಲ್ಲಿ 5 ಮಿ.ಮೀ. ಕಲ್ಲು, ಎಡ ಕಿಡ್ನಿಯ ಕೆಳಭಾಗದಲ್ಲಿ 8 ಮಿ.ಮೀ. ಕಲ್ಲು ಎಂದು ಹೇಳುತ್ತಿತ್ತು. ನೋವು ಕೊಡುತ್ತಿದ್ದದ್ದು ಮೊದಲನೆಯದು. ಅದರ ಮಟ್ಟಿಗೆ ಇಪ್ಪತ್ತೆರಡು ಸಾವಿರ ರೂಪಾಯಿಯ ವ್ಯತ್ಯಾಸಕ್ಕೆ ಆಧಾರವಿರಲಿಲ್ಲ.

ಮೂರನೆಯದು ವ್ಯಾಟಿನ ಮಾತು. ಮಿಕ್ಸಿ ಕೊಳ್ಳುವಾಗ ವ್ಯಾಟ್ ನೋಡುವ ಅಭ್ಯಾಸದಿಂದ ನಾವು ಇಲ್ಲಿಗೂ ಬರುತ್ತೇವೆ. ‘ನೂರಿಪ್ಪತ್ತು ವ್ಯಾಟಿನ ಲೇಸರ್’ ಎಂದು ಕೇಳಿದರೆ ನಂಬಿಕೆ ಹೆಚ್ಚುತ್ತದೆ. ಆದರೆ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಕಿಡ್ನಿಯೊಳಗೆ ಸುಮಾರು 10 ಮಿ.ಲೀ. ನೀರು ನಿಂತಿದೆ ಎಂದುಕೊಳ್ಳಿ, ಎಂದರೆ ಎರಡು ಟೀ ಚಮಚ. ಅದಕ್ಕೆ 20 ವ್ಯಾಟ್ ಶಕ್ತಿ ಸುರಿದು ನೀರಿನ ಹರಿವು ನಿಂತುಹೋದರೆ, ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ಪ್ರಕಾರವೇ ಎರಡು ಸೆಕೆಂಡಿಗೆ ಹತ್ತಿರಹತ್ತಿರ ಒಂದು ಡಿಗ್ರಿ ಬಿಸಿ ಏರುತ್ತದೆ. 37 ಡಿಗ್ರಿಯ ದೇಹದಲ್ಲಿ 43 ದಾಟಿದ ಮೇಲೆ ಅವಧಿ ಬೆಳೆದಂತೆ ಅಂಗಾಂಶ ಬೇಯತೊಡಗುತ್ತದೆ. ಅದಕ್ಕೇ ವೈದ್ಯರು ಆಪರೇಷನ್ನಿನುದ್ದಕ್ಕೂ ಸಲೈನ್ ಹರಿಸುತ್ತಲೇ ಇರುತ್ತಾರೆ, ನಡುನಡುವೆ ಲೇಸರ್ ನಿಲ್ಲಿಸುತ್ತಾರೆ. ಹಾಗೆಂದು ನೀರನ್ನು ಬೇಕಾದಷ್ಟು ಹರಿಸಲೂ ಆಗದು. ಒಳಗೆ ಒತ್ತಡ ಏರಿದರೆ ಕಲ್ಲಿನಲ್ಲಿ ಅಡಗಿದ್ದ ಸೋಂಕು ರಕ್ತಕ್ಕೆ ನುಗ್ಗಬಹುದು. ಈ ಚಿಕಿತ್ಸೆಯ ಅಪಾಯಗಳಲ್ಲಿ ಎಲ್ಲಕ್ಕಿಂತ ಹೆದರಬೇಕಾದ್ದು ಅದೇ. ಆಪರೇಷನ್ನಿಗೆ ಮೊದಲು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ. ನುರಿತ ಕೈ ಬಿಸಿಯನ್ನೂ ಒತ್ತಡವನ್ನೂ ಒಟ್ಟಿಗೆ ತೂಗಿಸಿಕೊಂಡು ಹೋಗುತ್ತದೆ. ಹೆಚ್ಚು ವ್ಯಾಟ್ ಆ ಕೈಗೆ ಅವಕಾಶವಷ್ಟೇ, ಭರವಸೆಯಲ್ಲ. ಹೊಸ ಥೂಲಿಯಂ ಯಂತ್ರಗಳ ಗರಿಷ್ಠ ಶಕ್ತಿ 60 ವ್ಯಾಟ್, ದೊಡ್ಡ ಹೋಲ್ಮಿಯಮ್ಮಿನದು 120. ಹೊಸದೇ ಮೇಲು, ವ್ಯಾಟ್ ಹೆಚ್ಚಿದ್ದದ್ದೇ ಮೇಲು ಎನ್ನುವ ಎರಡು ನಂಬಿಕೆಗಳನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಈ ಒಂದು ಸಂಗತಿಯೇ ಬಿಡುವುದಿಲ್ಲ.

ನಾಲ್ಕನೆಯದು ‘ಗಾಯವಿಲ್ಲ, ಹೊಲಿಗೆಯಿಲ್ಲ’ ಎನ್ನುವ ಸಮಾಧಾನ. ಇದರಲ್ಲಿ ಸತ್ಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಿಗೆ, ಕೆಲವೊಮ್ಮೆ ಗರ್ಭಿಣಿಯರಿಗೂ, ಮೂತ್ರದ ದಾರಿಯಿಂದ ಹೋಗುವ ಲೇಸರ್ ದೊಡ್ಡ ಆಸರೆ. ಆದರೆ ಗಾಯವಿಲ್ಲದಿರುವುದೇ ಎಲ್ಲ ಕಲ್ಲಿಗೂ ಸರಿಯಾದ ದಾರಿಯ ಗುರುತಲ್ಲ. 20 ಮಿ.ಮೀ. ಮೀರಿದ ಕಿಡ್ನಿ ಕಲ್ಲಿಗೆ ಇಂದಿಗೂ ವೈದ್ಯಕೀಯ ಮಾರ್ಗಸೂಚಿಗಳು ಮೊದಲು ಹೇಳುವುದು ಪಿಸಿಎನ್‌ಎಲ್ ಎಂದು ಕರೆಯುವ, ಬೆನ್ನಿನ ರಂಧ್ರದ ವಿಧಾನವನ್ನೇ. ಅದು 1976ರಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು. ಕಾರಣ ಸರಳ. 20 ಮಿ.ಮೀ. ಎಂದರೆ 5 ಮಿ.ಮೀ.ಗಿಂತ ನಾಲ್ಕು ಪಟ್ಟು ದೊಡ್ಡದು ಎಂದು ನಾವು ಓದುತ್ತೇವೆ. ಆದರೆ ಕಲ್ಲು ಉಂಡೆಯಾಗಿದ್ದರೆ ಅದರ ಗಾತ್ರ ಅರವತ್ತನಾಲ್ಕು ಪಟ್ಟು. ಅಷ್ಟನ್ನು ಕೂದಲೆಳೆಯ ತುದಿಯಿಂದ ಪುಡಿಮಾಡಿ, ಒಳಗೆ ಮೂರು ನಾಲ್ಕು ಮಿ.ಮೀ. ಅಗಲದ ನಾಳದಲ್ಲಿ ಹೊರಗೆ ಕಳಿಸಲು ಸಮಯ ಬೇಕು, ಹಲವು ಬಾರಿ ಎರಡು ಮೂರು ಸರದಿಯೂ ಬೇಕು. ಮೂರು ಬಾರಿ ಅರಿವಳಿಕೆ ತೆಗೆದುಕೊಂಡು ಗಾಯ ತಪ್ಪಿಸಿಕೊಳ್ಳುವುದು, ಅರ್ಧ ಇಂಚಿನ ಒಂದು ಗಾಯಕ್ಕೆ ಒಪ್ಪಿ ಒಂದೇ ಬಾರಿಗೆ ಮುಗಿಸಿಕೊಳ್ಳುವುದು, ಇವೆರಡರಲ್ಲಿ ಯಾವುದು ಹಗುರ ಎಂದು ರೋಗಿಯೇ ಹೇಳಬೇಕು. ಹೇಳಲು ಅವನಿಗೆ ಮೊದಲು ಎರಡೂ ಗೊತ್ತಿರಬೇಕು.

ಐದನೆಯ ನಂಬಿಕೆಯ ಬೇರು ಇನ್ನೂ ಆಳ. ಕಲ್ಲು ಕಂಡಿತು, ತೆಗೆಸಬೇಕು ಎನ್ನುವುದು ಅದು. ಮೂತ್ರನಾಳಕ್ಕೆ ಇಳಿದ 5 ಮಿ.ಮೀ. ವರೆಗಿನ ಕಲ್ಲುಗಳಲ್ಲಿ ಮೂರರಲ್ಲಿ ಎರಡು ತಾವಾಗಿಯೇ ಬಿದ್ದುಹೋಗುತ್ತವೆ. 5ರಿಂದ 10 ಮಿ.ಮೀ.ನವುಗಳಲ್ಲೂ ಅರ್ಧದಷ್ಟು ಹಾಗೆಯೇ ಹೋಗುತ್ತವೆ. ಯೂರಿಕ್ ಆಮ್ಲದ ಕಲ್ಲಾದರೆ ಮೂತ್ರದ ಆಮ್ಲೀಯತೆ ಇಳಿಸುವ ಸಿಟ್ರೇಟ್ ಔಷಧದಿಂದ ಅಕ್ಷರಶಃ ಕರಗಿಸಬಹುದು. ‘ಕರಗಿಸುವುದು’ ಎಂಬ ಮಾತು ನಿಜವಾಗಿ ಒಪ್ಪುವುದು ಅಲ್ಲಿಗೆ, ಲೇಸರಿಗಲ್ಲ. ಆದರೆ ಕಾಯುವುದಕ್ಕೂ ಶರತ್ತುಗಳಿವೆ, ಅವನ್ನು ಹೇಳದೆ ‘ಕಾಯಿರಿ’ ಎನ್ನುವುದು ಅಪಾಯ. ಚಳಿಜ್ವರ ಬಂದರೆ, ಮೂತ್ರ ನಿಂತರೆ, ಇರುವುದು ಒಂದೇ ಕಿಡ್ನಿಯಾದರೆ, ನೋವು ಔಷಧಕ್ಕೆ ಬಗ್ಗದಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನೋವು ನಿಂತಿತು ಎಂದರೆ ಕಲ್ಲು ಹೋಯಿತು ಎಂದೂ ಅಲ್ಲ. ಸದ್ದಿಲ್ಲದೆ ಅಡ್ಡಗಟ್ಟಿ ಕುಳಿತ ಕಲ್ಲು ತಿಂಗಳುಗಳಲ್ಲಿ ಕಿಡ್ನಿಯನ್ನೇ ಕೆಡಿಸಬಹುದು. ಅದಕ್ಕಾಗಿಯೇ ನಾಲ್ಕಾರು ವಾರದೊಳಗೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಇಲ್ಲಿ ಇನ್ನೊಂದು ಮಾತು ಗಮನಿಸಿ. ಅಡ್ಡಗಟ್ಟಿದ ಕಲ್ಲಿನ ಹಿಂದೆ ಸೋಂಕು ಸೇರಿಕೊಂಡಾಗ, ಎಂದರೆ ಎಲ್ಲಕ್ಕಿಂತ ತುರ್ತಿನ ಸ್ಥಿತಿಯಲ್ಲಿ, ವೈದ್ಯರು ಲೇಸರ್ ಹಿಡಿಯುವುದಿಲ್ಲ. ಸ್ಟೆಂಟ್ ಎಂಬ ಮೃದು ಕೊಳವೆ ಹಾಕಿಯೋ ಬೆನ್ನಿನಿಂದ ನಳಿಗೆ ಇಟ್ಟೋ ಮೊದಲು ಮೂತ್ರವನ್ನು ಹೊರಬಿಡುತ್ತಾರೆ. ಕಲ್ಲಿನ ಸರದಿ ಬರುವುದು ಸೋಂಕು ಇಳಿದ ಮೇಲೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವನ್ನೂ ಮುಂದಿಡಬೇಕು. ನೋವು ಕೊಡದ ಚಿಕ್ಕ ಕಲ್ಲುಗಳನ್ನು ಬಿಟ್ಟುಬಿಡಬಹುದು ಎಂದು ನಾನೂ ನಂಬಿದ್ದೆ. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ದೊಡ್ಡ ಕಲ್ಲು ತೆಗೆಯುವಾಗ ಜೊತೆಯಲ್ಲಿದ್ದ ಚಿಕ್ಕ ಕಲ್ಲುಗಳನ್ನು ಕೆಲವರಲ್ಲಿ ತೆಗೆದರು, ಕೆಲವರಲ್ಲಿ ಬಿಟ್ಟರು. ಮುಂದಿನ ವರ್ಷಗಳಲ್ಲಿ ತೊಂದರೆ ಮರುಕಳಿಸಿದ್ದು ತೆಗೆಸಿಕೊಂಡವರಲ್ಲಿ ಶೇ. 16, ಬಿಟ್ಟವರಲ್ಲಿ ಶೇ. 63. ಪರೀಕ್ಷೆ ಚಿಕ್ಕದು, ಒಟ್ಟು 73 ಜನರದು. ಆದರೂ ಅಂತರ ದೊಡ್ಡದು. ಆದ್ದರಿಂದ ನನ್ನ ನಂಬಿಕೆಯನ್ನು ನಾನು ತಿದ್ದಿಕೊಂಡೆ. ಹೇಗೂ ಒಳಗೆ ಹೋಗಲೇಬೇಕಾಗಿ ಬಂದಾಗ ಪಕ್ಕದ ಚಿಕ್ಕ ಕಲ್ಲುಗಳ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಆದರೆ ಚಿಕ್ಕ ಕಲ್ಲೊಂದು ಕಂಡಿತು ಎನ್ನುವ ಒಂದೇ ಕಾರಣಕ್ಕೆ ಒಳಗೆ ಹೋಗಬೇಕು ಎಂದು ಆ ಪರೀಕ್ಷೆ ಹೇಳುವುದಿಲ್ಲ.

ಆರನೆಯದು ಅನುಭವದ ಸಾಕ್ಷಿ. ‘ನಮ್ಮ ಪಕ್ಕದ ಮನೆಯವರು ಬಾಳೆದಿಂಡಿನ ರಸ ಕುಡಿದರು, ಹದಿನೈದು ದಿನಕ್ಕೆ ಕಲ್ಲು ಬಿತ್ತು’, ‘ನಮ್ಮ ದೊಡ್ಡಪ್ಪ ಹುರುಳಿ ಕಟ್ಟು ಕುಡಿದೇ ಗುಣವಾದರು’ ಎನ್ನುವ ಮಾತುಗಳನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಕುಡಿದದ್ದು ನಿಜ, ಬಿದ್ದದ್ದೂ ನಿಜ. ಆದರೆ ಮೂರರಲ್ಲಿ ಎರಡು ಕಲ್ಲು ತಾವೇ ಬೀಳುವುದಾದರೆ, ಆ ಹೊತ್ತಿಗೆ ಯಾವುದನ್ನು ಕುಡಿಯುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಬೀಳದೆ ಉಳಿದ ಮೂರನೆಯವರು ತಮ್ಮ ಕಥೆಯನ್ನು ಹೇಳಿಕೊಂಡು ತಿರುಗುವುದಿಲ್ಲ. ಈ ತರ್ಕವನ್ನು ನಾಟಿ ಔಷಧಿಗೆ ಮಾತ್ರ ಅನ್ವಯಿಸಿ ನಿಲ್ಲಿಸಿದರೆ ಅನ್ಯಾಯವಾದೀತು. ‘ಆ ಲೇಸರ್ ಮಾಡಿಸಿದೆ, ಮೂರೇ ದಿನಕ್ಕೆ ಕೆಲಸಕ್ಕೆ ಹೋದೆ’ ಎನ್ನುವ ಸಾಕ್ಷಿಗೂ ಅದು ಅಷ್ಟೇ ಒಪ್ಪುತ್ತದೆ. ಆ ಮನುಷ್ಯನ ಕಲ್ಲು ಎಷ್ಟಿತ್ತು, ಎಲ್ಲಿತ್ತು, ಗಾಳಿಯೊತ್ತಡದಿಂದ ಕುಟ್ಟಿ ಒಡೆಯುವ ಅಗ್ಗದ ಉಪಕರಣದಲ್ಲೂ ಹಾಗೇ ಆಗುತ್ತಿತ್ತೇ ಎಂದು ಯಾರೂ ಕೇಳಿರುವುದಿಲ್ಲ. ಮೂತ್ರನಾಳದ ಕೆಳತುದಿಯ ಕಲ್ಲಿಗೆ ಆ ಉಪಕರಣವೂ ಬಹಳ ಸಲ ಸಾಕಾಗುತ್ತದೆ.

ಏಳನೆಯದು ‘ಪೂರ್ತಿ ಕ್ಲಿಯರ್’ ಎಂಬ ಮಾತು. ಇದನ್ನು ಹೇಳುವವರು ಮೋಸ ಮಾಡುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ. ಆದರೆ ‘ಕ್ಲಿಯರ್’ ಎಂದರೇನು ಎನ್ನುವುದರಲ್ಲಿ ಒಮ್ಮತವಿಲ್ಲ. ಕೆಲವರ ಲೆಕ್ಕದಲ್ಲಿ ಒಂದು ಕಣವೂ ಉಳಿದಿರಬಾರದು. ಕೆಲವರಿಗೆ 2 ಮಿ.ಮೀ. ಒಳಗಿನ ಚೂರು ಉಳಿದರೂ ಸರಿ, ಇನ್ನು ಕೆಲವರಿಗೆ 4. ನೋಡುವ ಕಣ್ಣೂ ಬೇರೆಬೇರೆ. ಅಲ್ಟ್ರಾಸೌಂಡಿನಲ್ಲಿ ಕಾಣದ ಚೂರು ಸಿ.ಟಿ. ಸ್ಕ್ಯಾನಿನಲ್ಲಿ ಕಂಡೀತು. ಲೇಸರ್ ಕಲ್ಲನ್ನು ಹೊರಗೆ ಎಸೆಯುವುದಿಲ್ಲ, ಪುಡಿಮಾಡುತ್ತದೆ. ಆ ಪುಡಿ ಮೂತ್ರದ ಜೊತೆ ಇಳಿಯಬೇಕು. ಕಿಡ್ನಿಯ ಕೆಳಭಾಗದಲ್ಲಿ ಪುಡಿಯಾದದ್ದು ಮೇಲೇರಿ ಹೊರಬರಬೇಕಾದ್ದರಿಂದ ಅಲ್ಲೇ ಉಳಿಯುವ ಸಂಭವ ಹೆಚ್ಚು. ಇದರ ಜೊತೆಗೆ ಡಿಜೆ ಸ್ಟೆಂಟ್ ಎಂಬ ಮೃದು ಕೊಳವೆಯನ್ನು ಬಹಳ ಸಲ ಒಳಗೆ ಬಿಟ್ಟಿರುತ್ತಾರೆ. ಅದು ಇರುವಷ್ಟು ದಿನ ಉರಿ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನುವ ಒತ್ತಡ, ಸೊಂಟದ ಸೆಳೆತ ಇರುತ್ತವೆ. ಅದನ್ನು ತೆಗೆಸಲು ಮತ್ತೊಮ್ಮೆ ಬರಬೇಕು. ನೋವು ಹೋಯಿತೆಂದು ಸ್ಟೆಂಟ್ ಮರೆತವರಲ್ಲಿ ಅದರ ಮೇಲೆಯೇ ಕಲ್ಲು ಕಟ್ಟಿಕೊಂಡು, ಮೊದಲಿನದಕ್ಕಿಂತ ದೊಡ್ಡ ಆಪರೇಷನ್ ಬೇಕಾಗುವುದುಂಟು. ಎರಡು ಲೇಸರ್‌ಗಳ ನಡುವೆ ವಾರಗಟ್ಟಲೆ ತೂಗಿನೋಡುವ ನಾವು, ಸ್ಟೆಂಟ್ ತೆಗೆಸುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುವುದು ಅದಕ್ಕಿಂತ ಹೆಚ್ಚು ಬೆಲೆಯುಳ್ಳ ಕೆಲಸ.

ಹಾಗಾದರೆ ಕೈ ಮುಖ್ಯವೋ ಯಂತ್ರವೋ? ಇದಕ್ಕೆ ಬಹಳ ಹಳೆಯ ಉತ್ತರವೊಂದಿದೆ. ಸುಶ್ರುತ ಸಂಹಿತೆಯಲ್ಲಿ ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ವಿವರಣೆಯಿದೆ. ಗ್ರೀಸಿನ ಹಿಪೊಕ್ರೇಟಸ್ ಹೆಸರಿನ ವೈದ್ಯರ ಪ್ರತಿಜ್ಞೆಯಲ್ಲಿ, ಕಲ್ಲಿನ ರೋಗಿಯನ್ನು ತಾನು ಕೊಯ್ಯದೆ ಆ ಕಸುಬಿನವರಿಗೆ ಬಿಡುತ್ತೇನೆ ಎನ್ನುವ ಅರ್ಥದ ಮಾತಿದೆ. ಕಲ್ಲು ಅಂದಿನಿಂದಲೂ ಕಸುಬುದಾರರ ಕೆಲಸ. ಆದರೆ ಇದನ್ನೂ ಅತಿಗೆ ಒಯ್ಯಬಾರದು. ಒಳ್ಳೆಯ ಕೈಗೆ ಕೆಟ್ಟ ಉಪಕರಣ ಕೊಟ್ಟು ಚಮತ್ಕಾರ ನಿರೀಕ್ಷಿಸುವುದೂ ತಪ್ಪು. ನಾನು ಹೇಳುವುದಿಷ್ಟೇ. ದಿನವೂ ಒಂದೇ ಯಂತ್ರದಲ್ಲಿ ಕೆಲಸ ಮಾಡಿ ಅದರ ಗುಣದೋಷ ಅರಿತವರು ತಮ್ಮ ಹಳೆಯ ಹೋಲ್ಮಿಯಮ್ಮಿನಲ್ಲಿ ಮಾಡುವ ಕೆಲಸ, ಹೊಸ ಥೂಲಿಯಮ್ಮನ್ನು ಹೋದ ತಿಂಗಳು ತರಿಸಿದವರ ಕೆಲಸಕ್ಕಿಂತ ಭರವಸೆಯದ್ದಾಗಿರಬಹುದು. ಕೋಟಿಗಟ್ಟಲೆ ಮಂದಿ ಕಲ್ಲಿನಿಂದ ನರಳುವ ನಾಡಿನಲ್ಲಿ ಯಂತ್ರದ ಹೆಸರನ್ನು ಫಲಕದ ಮೇಲೆ ಬರೆಸುವುದು ಸುಲಭ, ಕೈಯ ಹದವನ್ನು ಬರೆಸಲು ಬರುವುದಿಲ್ಲ. ಫಲಕದಲ್ಲಿ ಕಾಣುವುದನ್ನೇ ನಾವು ಆಯ್ಕೆಯ ಅಳತೆಗೋಲು ಮಾಡಿಕೊಂಡಿದ್ದೇವೆ.

ಎಂಟನೆಯದು, ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ: ಕಲ್ಲು ಹೊರಗೆ ಬಂತು, ಕಥೆ ಮುಗಿಯಿತು. ಒಮ್ಮೆ ಕಲ್ಲಾದವರಲ್ಲಿ ಅರ್ಧದಷ್ಟು ಜನರಿಗೆ ಐದು ಹತ್ತು ವರ್ಷಗಳಲ್ಲಿ ಮತ್ತೆ ಆಗುತ್ತದೆ. ಯಾವ ಲೇಸರೂ ಈ ಸಂಖ್ಯೆಯನ್ನು ಇಳಿಸಲಾರದು, ಏಕೆಂದರೆ ಅದು ಕಲ್ಲನ್ನು ಒಡೆಯುತ್ತದೆ, ಕಲ್ಲು ಕಟ್ಟುವ ಮೂತ್ರವನ್ನು ಬದಲಿಸುವುದಿಲ್ಲ. ಅದನ್ನು ಬದಲಿಸುವುದು ನೀರು. ಇಟಲಿಯಲ್ಲಿ ಮೊದಲ ಬಾರಿ ಕಲ್ಲಾದ 199 ಜನರನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಿದೆ. ದಿನಕ್ಕೆ ಎರಡು ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಮತ್ತೆ ಕಲ್ಲಾಯಿತು. ಮೊದಲಿನಂತೆಯೇ ಇದ್ದವರಲ್ಲಿ ಶೇ. 27. ಹಾಲಿನ ವಿಚಾರವೂ ಹಾಗೆಯೇ. ‘ಕಲ್ಲಾಗುವುದು ಸುಣ್ಣದಂಶದಿಂದ, ಹಾಲಿನಲ್ಲಿ ಸುಣ್ಣದಂಶ ಇದೆ, ಆದ್ದರಿಂದ ಹಾಲು ಮೊಸರು ಬಿಡಿ’ ಎನ್ನುವ ತರ್ಕ ಕೇಳಲು ನೇರವಾಗಿದೆ. ಆದರೆ 2002ರ ಇನ್ನೊಂದು ಇಟಾಲಿಯನ್ ಪರೀಕ್ಷೆಯಲ್ಲಿ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತಿದ್ದ 120 ಗಂಡಸರ ಪೈಕಿ, ಕ್ಯಾಲ್ಸಿಯಂ ಬಿಟ್ಟವರಿಗಿಂತ, ಅದನ್ನು ಎಂದಿನಂತೆ ಇಟ್ಟುಕೊಂಡು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಿಗೆ ಮತ್ತೆ ಕಲ್ಲಾದದ್ದು ಅರ್ಧದಷ್ಟೇ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ಹಾಲು ಬಿಟ್ಟು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹಾಗೆಯೇ ಉಳಿಸಿಕೊಳ್ಳುವ ನಮ್ಮ ಪಥ್ಯ ತಲೆಕೆಳಗಾಗಿದೆ.

ಭಾವನ ಕಥೆಯನ್ನು ಮುಗಿಸಬೇಕು. ಎರಡು ಹಾಳೆಗಳನ್ನೂ ಪಕ್ಕಕ್ಕಿಟ್ಟು ಮೂರನೆಯ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಲೇಸರಿನ ಮಾತೆತ್ತಲಿಲ್ಲ. ಜ್ವರವಿಲ್ಲ, ರಕ್ತ ಪರೀಕ್ಷೆ ಸರಿಯಾಗಿದೆ ಎಂದು ನೋಡಿಕೊಂಡು, “ಕೆಳಗಿನ ಕಲ್ಲಿಗೆ ನಾಲ್ಕು ವಾರ ಟೈಮ್ ಕೊಡೋಣ. ಚಳಿಜ್ವರ ಬಂದ್ರೆ ಮಾತ್ರ ರಾತ್ರಿ ಆಗಿದ್ರೂ ಬನ್ನಿ” ಎಂದರು. ಅಕ್ಕ ಹಳೆಯದೊಂದು ಟೀ ಸೋಸುವ ಜರಡಿಯನ್ನು ಬಚ್ಚಲಿನಲ್ಲಿ ಇಟ್ಟಳು. ಹನ್ನೆರಡನೆಯ ದಿನ ಬೆಳಿಗ್ಗೆ ಅದರಲ್ಲಿ ಸಾಸಿವೆಗಿಂತ ಸಾಕಷ್ಟು ದೊಡ್ಡದಾದ, ಕಂದು ಬಣ್ಣದ, ಮೈಯೆಲ್ಲ ಮುಳ್ಳುಮುಳ್ಳಾದ ಕಲ್ಲು ಸಿಕ್ಕಿತು. ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕೊಟ್ಟೆವು. ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ನಮ್ಮಲ್ಲಿ ಬಹುಪಾಲು ಕಲ್ಲುಗಳು ಈ ಪರೀಕ್ಷೆಯಿಲ್ಲದೆಯೇ ಕಸಕ್ಕೆ ಹೋಗುತ್ತವೆ. ಮುಂದಿನ ಕಲ್ಲನ್ನು ತಡೆಯುವ ವಿವರ ಅದರೊಳಗೇ ಇರುತ್ತದೆ.

ಕಿಡ್ನಿಯಲ್ಲಿದ್ದ 8 ಮಿ.ಮೀ. ಕಲ್ಲನ್ನು ಏನು ಮಾಡಬೇಕೆನ್ನುವಾಗ ವೈದ್ಯರು ಕೇಳಿದ್ದು, “ನೀವು ಏನು ಕೆಲಸ ಮಾಡೋದು?” ಎಂದು. ಬಸ್ಸು ಎಂದು ಕೇಳಿದ ಮೇಲೆ ಅವರ ಸಲಹೆ ಬದಲಾಯಿತು. ಬೇರೆಯವರಾದರೆ ಕಾದು ನೋಡಬಹುದಿತ್ತು, ಆದರೆ ಐವತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ಆ ನೋವು ಬರಬಾರದು ಎಂದರು. ಕೆಲಸವೂ ಕಲ್ಲಿನ ಅಳತೆಯ ಭಾಗ ಎಂದು ನನಗೆ ಆಗ ತಿಳಿಯಿತು. ಎರಡು ತಿಂಗಳ ನಂತರ ಅದನ್ನು ಅವರ ಆಸ್ಪತ್ರೆಯಲ್ಲಿದ್ದ ಹೋಲ್ಮಿಯಂ ಲೇಸರಿನಲ್ಲಿಯೇ ತೆಗೆದರು. ಸ್ಟೆಂಟ್ ಎರಡು ವಾರ ಇತ್ತು, ಆ ಎರಡು ವಾರ ಭಾವನಿಗೆ ನೆಮ್ಮದಿಯಿರಲಿಲ್ಲ. ಮೂರು ತಿಂಗಳ ಸ್ಕ್ಯಾನಿನಲ್ಲಿ 2 ಮಿ.ಮೀ. ಚೂರೊಂದು ಉಳಿದಿದೆ. ಥೂಲಿಯಂ ಆಗಿದ್ದರೆ ಅದೂ ಉಳಿಯುತ್ತಿರಲಿಲ್ಲವೇ? ಉಳಿಯದೇ ಇರಬಹುದಿತ್ತು. ಈ ಸಾಧ್ಯತೆಯನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಭಾವನಿಗೆ ಕಲ್ಲಾದದ್ದು ಏಕೆ ಎನ್ನುವುದಕ್ಕೆ ಅವರ ಬಾಯಿಂದಲೇ ಬಂದ ಉತ್ತರ ನನ್ನನ್ನು ಇನ್ನೂ ಬಿಟ್ಟಿಲ್ಲ. “ಡ್ಯೂಟಿ ಮೇಲೆ ನೀರು ಕುಡಿಯೋಲ್ಲಪ್ಪ, ಎಲ್ಲಿ ನಿಲ್ಸೋದು?” ಇಂಜಿನ್ನಿನ ಬಿಸಿ, ಬೇಸಿಗೆಯ ಬಿಸಿ, ಎಂಟು ಗಂಟೆಯ ಹಾದಿ, ಒಂದು ಬಾಟಲಿ ನೀರು ಸಂಜೆಗೆ ಹಾಗೇ ಉಳಿದಿರುತ್ತಿತ್ತು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಶೌಚಾಲಯವಿಲ್ಲದ ಶಾಲೆಯ ಶಿಕ್ಷಕಿಯರು, ಹೊಲದ ಕೂಲಿಯವರು ಇದೇ ಲೆಕ್ಕದಲ್ಲಿ ನೀರು ಬಿಡುತ್ತಾರೆ. ನಾವು ಇದನ್ನು ವೈದ್ಯಕೀಯ ಪ್ರಶ್ನೆಯೆಂದೇ ಎಣಿಸಿಲ್ಲ. ಲೇಸರಿನ ಖರ್ಚನ್ನು ವಿಮೆ ಕೊಡುತ್ತದೆ. ಬಸ್ ನಿಲ್ದಾಣದ ಶುಚಿಯಾದ ಶೌಚಾಲಯಕ್ಕೆ ಕಿಡ್ನಿಯ ಹೆಸರಿನಲ್ಲಿ ಹಣ ಕೇಳಿದವರನ್ನು ನಾನು ಕಂಡಿಲ್ಲ.

ಆದ್ದರಿಂದ ಎರಡು ಅಂದಾಜು ಹಾಳೆಗಳನ್ನು ಹಿಡಿದು ಕೂತವರಿಗೆ ನನ್ನ ಸಲಹೆ ಇಷ್ಟು. ಮೊದಲು ರಿಪೋರ್ಟಿನ ಕವರ್ ಬಿಚ್ಚಿ. ಕಲ್ಲು ಎಷ್ಟು, ಎಲ್ಲಿ, ಎಂಥದ್ದು ಎಂದು ಓದಿ. ಕಾಯಬಹುದೇ, ಎಷ್ಟು ದಿನ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಕೇಳಿ. ತೆಗೆಯುವುದಾದರೆ ಯಾವ ದಾರಿ, ಎಷ್ಟು ಸರದಿ, ಈ ಕೆಲಸವನ್ನು ನೀವು ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ಸ್ಟೆಂಟ್ ಯಾವಾಗ ತೆಗೆಯುತ್ತೀರಿ, ಚೂರು ಉಳಿದರೆ ಏನು ಎಂದು ಕೇಳಿ. ಇವಕ್ಕೆ ತಾಳ್ಮೆಯಿಂದ ಉತ್ತರಿಸಿದ ವೈದ್ಯರ ಬಳಿ ಯಾವ ಲೇಸರ್ ಇದೆಯೋ, ಬಹುಮಟ್ಟಿಗೆ ಅದೇ ನಿಮಗೆ ಸರಿಯಾದ ಲೇಸರ್. ನೀವು ಒಪ್ಪದಿರಬಹುದು. ಆದರೂ ಉಳಿಸಿದ ಇಪ್ಪತ್ತೆರಡು ಸಾವಿರದಲ್ಲಿ ಭಾವ ಕೊಂಡದ್ದು ಒಂದು ಲೀಟರಿನ ಎರಡು ಸ್ಟೀಲ್ ಬಾಟಲಿಗಳನ್ನು ಮಾತ್ರ. ಒಂದು ಹಿರಿಯೂರು ದಾಟುವುದರೊಳಗೆ, ಇನ್ನೊಂದು ತುಮಕೂರು ಮುಟ್ಟುವುದರೊಳಗೆ ಖಾಲಿಯಾಗಬೇಕೆಂದು ಅಕ್ಕನ ಕಟ್ಟಪ್ಪಣೆ. ಸಂಜೆ ಮನೆಗೆ ಬಂದ ಕೂಡಲೇ ಅವಳು ಎರಡನ್ನೂ ತಲೆಕೆಳಗು ಮಾಡಿ ನೋಡುತ್ತಾಳೆ.